ಟೆಸ್ಟ್ ರಿಪೋರ್ಟಿಗೂ ದೇವರಿಗೂ ಸಂಬಂಧವಿದೆ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಜಿಲ್ಲೆಯ ಚರ್ಚುಗಳಲ್ಲಿ ಕೇಳಿಬರುವ ಪ್ರಾರ್ಥನಾ ಕೋರಿಕೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಲಿ, ಬೆಂಗಳೂರಿನಿಂದ ಆಫರ್ ಲೆಟರ್ ಬರಲಿ, ವೀಸಾ ತಡೆಯಿಲ್ಲದೆ ಸಿಗಲಿ. ಕೆಲಸ ಸಿಕ್ಕಿದ ಮೇಲೆ ಕೃತಜ್ಞತಾ ಕಾಣಿಕೆಯ ಲಕೋಟೆ ಬರುತ್ತದೆ, ಸಭಾಪಾಲಕರು ಹೆಸರು ಓದುತ್ತಾರೆ, ಎಲ್ಲರಿಗೂ ಸಂತೋಷವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಲಕೋಟೆ ಕೊಟ್ಟ ಮರುದಿನದಿಂದ ನಿವೃತ್ತಿಯವರೆಗೆ ಆ ಹುಡುಗನೋ ಹುಡುಗಿಯೋ ಕಂಪ್ಯೂಟರ್ ಮುಂದೆ ಕಳೆಯುವ ಮೂರು ದಶಕಗಳ ಬಗ್ಗೆ ನಮ್ಮ ಸಭೆಗಳು ಏನನ್ನೂ ಹೇಳುವುದಿಲ್ಲ. ಉದ್ಯೋಗ ದೇವರ ವರ ಎನ್ನುತ್ತೇವೆ. ಆ ಉದ್ಯೋಗದೊಳಗೆ ದಿನಾ ನಡೆಯುವ ಕೆಲಸ ಮಾತ್ರ ದೇವರಿಗೆ ಸಂಬಂಧಪಟ್ಟದ್ದಲ್ಲ ಎಂಬಂತೆ ಬದುಕುತ್ತೇವೆ. ಮಂಗಳೂರಿನಲ್ಲೇ ಸಾಫ್ಟ್‌ವೇರ್ ಪರೀಕ್ಷಾ ವಿಭಾಗದಲ್ಲಿ ದುಡಿಯುತ್ತಿರುವ, ಬಲ್ಮಠ ಭಾಗದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದಕ್ಕೆ ಸೇರಿದ ನಾನು ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಚರ್ಚೆಗೆ ತರಲು ಬಯಸುತ್ತೇನೆ.

ಇತ್ತೀಚೆಗೆ ನಡೆದ ಒಂದು ಸಂಗತಿಯನ್ನು ಹೇಳಿದರೆ ನನ್ನ ಮಾತು ಸ್ಪಷ್ಟವಾದೀತು. ಆಸ್ಪತ್ರೆಗಳಲ್ಲಿ ಔಷಧ ವಿತರಣೆಗೆ ಬಳಸುವ ತಂತ್ರಾಂಶವೊಂದು ಪರೀಕ್ಷೆಗೆ ಬಂದಿತ್ತು. ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರು ರೋಗಿಗಳು ಒಂದೇ ದಿನ ದಾಖಲಾಗಿದ್ದರೆ, ಪರದೆಯಲ್ಲಿ ಒಬ್ಬರ ಹೆಸರು ಒತ್ತಿದಾಗ ಆಗೊಮ್ಮೆ ಈಗೊಮ್ಮೆ ಇನ್ನೊಬ್ಬರ ಔಷಧಗಳ ಪಟ್ಟಿ ತೆರೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಹಾಗಾಗುತ್ತಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಹತ್ತು ಸಲ ಒತ್ತಿದರೆ ಒಂದು ಸಲ ಮಾತ್ರ ಹಾಗಾಗುತ್ತಿದ್ದುದರಿಂದ ಅದನ್ನು ಕಾಣದವರಂತೆ ಇರುವುದೂ ಸುಲಭವಾಗಿತ್ತು. ರಿಲೀಸ್‌ಗೆ, ಅಂದರೆ ತಂತ್ರಾಂಶದ ಬಿಡುಗಡೆಗೆ, ಗೊತ್ತುಮಾಡಿದ ದಿನದ ಸಂಜೆ ಮ್ಯಾನೇಜರ್ ಅದನ್ನು ಪರೀಕ್ಷಿಸುತ್ತಿದ್ದ ಹುಡುಗಿಯ ಬಳಿ ಬಂದು, ‘ಈಗ ಒಂದು ಪಾಸ್ ಹಾಕಿಬಿಡು ಮಾರಾಯ್ತಿ, ಮುಂದಿನ ರಿಲೀಸ್‌ನಲ್ಲಿ ಸರಿ ಮಾಡುವ’ ಎಂದರು. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರದ ಆ ಹುಡುಗಿ ತನ್ನ ಹೆಸರಿನಲ್ಲಿ ಪಾಸ್ ಹಾಕುವುದಿಲ್ಲ ಎಂದಳು, ಫೇಲ್ ಎಂದು ಬರೆದು ಕೆಳಗೆ ಸ್ಕ್ರೀನ್‌ಶಾಟ್‌ಗಳನ್ನು ಒಂದರ ಕೆಳಗೊಂದು ಅಂಟಿಸಿ ರಿಪೋರ್ಟ್ ಕಳುಹಿಸಿದಳು. ರಿಲೀಸ್ ಮುಂದಕ್ಕೆ ಹೋಯಿತು, ದೋಷ ಸರಿಯಾಯಿತು. ಅವಳ ಆ ವರ್ಷದ ಅಪ್ರೈಸಲ್‌ನಲ್ಲಿ, ಅಂದರೆ ಕೆಲಸದ ಮೌಲ್ಯಮಾಪನದಲ್ಲಿ, ‘ಹೊಂದಿಕೊಂಡು ಹೋಗುವ ಗುಣ ಬೆಳೆಸಿಕೊಳ್ಳಬೇಕು’ ಎಂಬ ಸಾಲು ಸೇರಿತು. ಸಂಬಳ ಏರಿದ್ದೂ ಅಷ್ಟಕ್ಕಷ್ಟೇ.

ಅವಳು ಕ್ರೈಸ್ತಳಲ್ಲ. ಅವಳಿಗಿಂತ ಮೊದಲು ಅದೇ ಟೆಸ್ಟ್ ಕೇಸಿಗೆ ಪಾಸ್ ಎಂದು ಬರೆದಿದ್ದವನು ಒಂದು ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡುವವನು, ಪ್ರತಿ ಭಾನುವಾರ ತಪ್ಪದೆ ಆರಾಧನೆಗೆ ಬರುವವನು. ಅವನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಟೆಸ್ಟ್ ರಿಪೋರ್ಟಿನಲ್ಲಿ ಬರೆಯುವ ಒಂದು ಪದಕ್ಕೂ ತಾನು ಓದುವ ವೇದಗ್ರಂಥಕ್ಕೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಡೇ ಸ್ಕೂಲಿನಲ್ಲಿ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಬಾಯಿಪಾಠ ಮಾಡಿಸುವ ನಾವು, ಆ ಸಾಕ್ಷಿಯ ಕಟಕಟೆ ಈಗ ಎಕ್ಸೆಲ್ ಹಾಳೆಯಲ್ಲಿದೆ ಎಂಬುದನ್ನು ದೊಡ್ಡವರಾದವರಿಗೆ ನೆನಪಿಸುವುದಿಲ್ಲ. ಸತ್ಯ ಹೇಳುವುದು ಕ್ರೈಸ್ತರ ಗುತ್ತಿಗೆಯಂತೂ ಅಲ್ಲ. ಆದರೆ ‘ಹೌದಾದರೆ ಹೌದು, ಅಲ್ಲವಾದರೆ ಅಲ್ಲ’ ಎಂದಿರಬೇಕೆಂಬ ಮತ್ತಾಯನ ಸುವಾರ್ತೆಯ ಮಾತನ್ನು ಕೇಳುತ್ತಲೇ ಬೆಳೆದ ನಮಗೆ, ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಮುಚ್ಚಿದೆ.

ಇಂಥ ಸಣ್ಣ ಸುಳ್ಳುಗಳು ನಮ್ಮ ಉದ್ಯೋಗದಲ್ಲಿ ಹೇರಳ. ಆರು ಗಂಟೆ ಮಾಡಿದ ಕೆಲಸವನ್ನು ಟೈಮ್‌ಶೀಟ್‌ನಲ್ಲಿ ಎಂಟು ಗಂಟೆ ಎಂದು ತುಂಬಿಸಿ ಕ್ಲೈಂಟ್‌ಗೆ ಬಿಲ್ ಕಳುಹಿಸುವುದು, ಮೂರು ವಾರ ಬೇಕಾಗುವ ಕೆಲಸಕ್ಕೆ ಒಂದೇ ವಾರ ಸಾಕೆಂದು ಒಪ್ಪಿಕೊಂಡು ಕಿರಿಯರನ್ನು ರಾತ್ರಿಯೆಲ್ಲ ಕೂರಿಸುವುದು, ಮತ್ತೊಬ್ಬರು ಬರೆದ ಕೋಡ್ ಅನ್ನು ಮೀಟಿಂಗ್‌ನಲ್ಲಿ ತನ್ನದೆಂದು ತೋರಿಸುವುದು. ಎಲ್ಲಕ್ಕಿಂತ ಬೇಸರ ತರಿಸುವುದು ಸುಳ್ಳು ಅನುಭವ ಪತ್ರದ ದಂಧೆ. ಮೂರು ವರ್ಷ ಎಲ್ಲೋ ಕೆಲಸ ಮಾಡಿದಂತೆ ದುಡ್ಡು ಕೊಟ್ಟು ಕಾಗದ ಮಾಡಿಸಿಕೊಂಡು, ಆ ಕಾಗದ ಹಿಡಿದು ಹೋಗುವ ಸಂದರ್ಶನದ ಯಶಸ್ಸಿಗಾಗಿ ಸಭೆಯಲ್ಲಿ ಪ್ರಾರ್ಥಿಸಲು ಕೇಳಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಪ್ರಾರ್ಥಿಸುವವರಿಗೆ ವಿಷಯ ಗೊತ್ತಿರುವುದಿಲ್ಲ, ಪಾಪ!

ಇದಕ್ಕೆ ವಿರುದ್ಧವಾದ ಇನ್ನೊಂದು ದೋಷವೂ ನಮ್ಮಲ್ಲಿದೆ, ಮತ್ತು ಅದನ್ನು ಭಕ್ತಿಯೆಂದೇ ಭಾವಿಸಲಾಗಿದೆ. ವೃತ್ತಿಯಲ್ಲಿ ಮೇಲೇರಬೇಕೆಂಬ ಆಸೆ ಲೋಕದ ವ್ಯಾಮೋಹ, ಹೊಸದನ್ನು ಕಲಿಯುವುದಕ್ಕಿಂತ ಪ್ರಾರ್ಥನಾ ಕೂಟಕ್ಕೆ ಹೋಗುವುದು ಮೇಲು, ಮುಂದಿನದನ್ನು ದೇವರು ನೋಡಿಕೊಳ್ಳುತ್ತಾನೆ ಎಂಬ ಮಾತುಗಳನ್ನು ಯೌವನಸ್ಥರ ಸಂಘಗಳಲ್ಲಿ ಆಗಾಗ ಕೇಳುತ್ತೇನೆ. ಹತ್ತು ವರ್ಷ ಹಿಂದೆ ಕಲಿತ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಕುಳಿತು, ಟೀಮಿನ ಕಿರಿಯರು ಹೊಸದನ್ನು ಕಲಿತು ಮುಂದೆ ಹೋದಾಗ ‘ನನಗೆ ಅಂಥ ಆಸೆಯಿಲ್ಲ’ ಎನ್ನುವುದು ವೈರಾಗ್ಯವಲ್ಲ. ಅನೇಕ ಸಲ ಅದು ಸೋಮಾರಿತನವೇ. ಬೈಬಲಿನ ವಿಮೋಚನಕಾಂಡದ ಮೂವತ್ತೊಂದನೆಯ ಅಧ್ಯಾಯದಲ್ಲಿ ದೇವರ ಆತ್ಮದಿಂದ ತುಂಬಿದವನೆಂದು ಹೆಸರಿಸಿರುವ ಬೆಚಲೇಲ ಯಾಜಕನಲ್ಲ, ಪ್ರವಾದಿಯೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರಗಳಲ್ಲಿ ಕೆಲಸ ಮಾಡುವ, ರತ್ನ ಕೆತ್ತುವ, ಮರ ಕೊರೆಯುವ ಕುಶಲಕರ್ಮಿ. ಆ ಆತ್ಮ ಅವನಲ್ಲಿ ಜ್ಞಾನವಾಗಿ, ವಿವೇಕವಾಗಿ, ಕೈಚಳಕವಾಗಿ ಕಾಣಿಸಿತು ಎಂದು ಅಲ್ಲಿ ಹೇಳಿದೆ. ನಾಲ್ಕು ಅಧ್ಯಾಯ ಮುಂದೆ ಹೋದರೆ ಇನ್ನೊಂದು ಮಾತು ಸಿಗುತ್ತದೆ: ಅವನಿಗೂ ಅವನ ಜೊತೆಗಾರನಿಗೂ ಇತರರಿಗೆ ಕಲಿಸುವ ಮನಸ್ಸನ್ನೂ ದೇವರೇ ಕೊಟ್ಟನು. ಹಾಗಿದ್ದರೆ, ಹಿರಿಯ ಎಂಜಿನಿಯರ್ ಒಬ್ಬ ತಾನು ಬಲ್ಲದ್ದನ್ನು ಕಿರಿಯರಿಗೆ ಹೇಳಿಕೊಡದೆ, ಅವರು ಬೆಳೆದರೆ ತನ್ನ ಕುರ್ಚಿ ಅಲುಗಾಡೀತೆಂದು ಮುಚ್ಚಿಟ್ಟುಕೊಳ್ಳುವುದನ್ನು ಏನೆಂದು ಕರೆಯಬೇಕು? ವೃತ್ತಿಯ ಬೆಳವಣಿಗೆಯನ್ನು ಸಂಬಳದ ಪ್ಯಾಕೇಜಿನ ಅಂಕಿಯಿಂದ ಮಾತ್ರ ಅಳೆಯುವ ಅಭ್ಯಾಸ ಮದುವೆ ಮಾತುಕತೆಗಳ ತನಕ ಇಳಿದಿದೆ. ಹುಡುಗನ ಕೈಕೆಳಗೆ ಎಷ್ಟು ಜನ ಕೆಲಸ ಕಲಿತರು ಎಂಬುದನ್ನು ಯಾವ ಹುಡುಗಿಯ ತಂದೆಯೂ ಕೇಳುವುದಿಲ್ಲ.

ಈ ಊರಿನಲ್ಲಿ ನಂಬಿಕೆಯೂ ಕಸುಬೂ ಹೀಗೆ ದೂರ ದೂರ ಇರಲಿಲ್ಲ ಎಂಬುದನ್ನು ಪತ್ರಿಕೆಯೊಂದಕ್ಕೆ ಬರೆಯುವಾಗ ನೆನಪಿಸುವುದು ಸಹಜ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1841ರಲ್ಲಿ ಇಲ್ಲಿ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯಾಯಿತು. ಕ್ರೈಸ್ತರಾದ ಕಾರಣಕ್ಕೆ ಮನೆ, ಗೇಣಿ, ಕುಲಕಸುಬುಗಳನ್ನು ಕಳೆದುಕೊಂಡವರಿಗೆ ನೇಯ್ಗೆ, ಮುದ್ರಣ, ಹಂಚಿನ ಕೆಲಸಗಳನ್ನು ಕಲಿಸಲಾಯಿತು. 1860ರ ದಶಕದಲ್ಲಿ ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಯ ಆವೆಮಣ್ಣನ್ನು ಪರೀಕ್ಷಿಸಿ ಹಂಚು ಮಾಡಲು ತೊಡಗಿದಾಗ, ನೇತ್ರಾವತಿಯ ದಡದ ಆ ಕೆಲಸ ಅಂದಿನ ಮಟ್ಟಿಗೆ ಹೊಸ ತಂತ್ರಜ್ಞಾನವೇ ಆಗಿತ್ತು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇದೇ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ. ಹಲವು ವರ್ಷ ಒಂದೊಂದೇ ಪದವನ್ನು ಹುಡುಕಿ, ಪ್ರಯೋಗ ನೋಡಿ, ತಿದ್ದಿ ಜೋಡಿಸುವ ಕೆಲಸ ಅವರಿಗೆ ಧರ್ಮಸೇವೆಯ ನಡುವಿನ ಬಿಡುವಿನ ಹವ್ಯಾಸವಾಗಿರಲಿಲ್ಲ. ಅವರ ಬದುಕೇ ಅದಾಗಿತ್ತು. ಆ ವ್ಯವಸ್ಥೆ ಕುಂದಿಲ್ಲದ್ದೆಂದು ನಾನು ಹೇಳುವುದಿಲ್ಲ. ಕಾರ್ಖಾನೆಯ ಒಡೆತನವೂ ಸಭೆಯ ಶಿಸ್ತೂ ಒಂದೇ ಕೈಯಲ್ಲಿದ್ದಾಗ ಕೆಲಸಗಾರನಿಗೆ ಎದುರಾಡುವ ಅವಕಾಶ ಎಷ್ಟಿತ್ತೆಂದು ಊಹಿಸಬಹುದು, ಮತ್ತು ಆ ಕಾಲ ಮರಳಿ ಬರಬೇಕೆಂದು ಯಾರೂ ಬಯಸಲಾರರು. ಆದರೆ ಹಂಚು ಸೋರದಂತೆ ಮಾಡುವುದೂ ಅಚ್ಚಿನ ಮೊಳೆ ತಪ್ಪದಂತೆ ಜೋಡಿಸುವುದೂ ದೇವರ ಕಣ್ಣಿಗೆ ಬೀಳುವ ಕೆಲಸಗಳೆಂಬ ತಿಳಿವಳಿಕೆ ಅಲ್ಲಿತ್ತು. ಕೊಟ್ಟಾರ, ಮುಡಿಪು, ಮಣಿಪಾಲಗಳ ಕಚೇರಿಗಳಿಗೆ ಬಸ್ಸು ಹತ್ತುವ ಅವರ ಮೊಮ್ಮಕ್ಕಳ ಮಕ್ಕಳಿಗೆ ಆ ತಿಳಿವಳಿಕೆಯನ್ನು ನಾವು ದಾಟಿಸಿಲ್ಲ.

ಈಗ ನಮ್ಮ ಕೆಲಸದ ಇನ್ನೊಂದು ಮಗ್ಗುಲು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯವನಿಗೆ ತಟ್ಟುತ್ತದೆ ಎಂದು ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯ ವಿಧಿಸುತ್ತದೆ. ಬೀಳುವವನು ಎಚ್ಚರವಾಗಿರಬೇಕಿತ್ತು ಎಂದು ಅದು ಹೇಳುವುದಿಲ್ಲ. ಬೀಳಬಹುದೆಂದು ಮೊದಲೇ ಊಹಿಸಬೇಕಾದವನು ಕಟ್ಟಿದವನು. ಆ್ಯಪ್‌ಗಳನ್ನು ಕಟ್ಟುವ ನಮಗೆ ಇದಕ್ಕಿಂತ ನೇರವಾದ ವಚನ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಟಾರ್ಚ್ ಉರಿಸುವ ಆ್ಯಪ್ ಒಂದು ಫೋನಿನಲ್ಲಿರುವ ಎಲ್ಲ ನಂಬರುಗಳನ್ನು ಕೇಳುವಂತೆ ಬರೆದವನು ಯಾರೋ ಒಬ್ಬ ಎಂಜಿನಿಯರ್. ಒಪ್ಪಿಗೆಯ ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟವನೂ, ‘ಎರಡೇ ಸೀಟು ಉಳಿದಿವೆ’ ಎಂದು ಸುಳ್ಳೇ ಮಿನುಗಿಸುವ ಸಾಲನ್ನು ಬರೆದವನೂ, ಕೊನೆಯ ಪುಟ ತಲುಪುವವರೆಗೆ ಪೂರ್ತಿ ಬೆಲೆ ಕಾಣದಂತೆ ಮಾಡಿದವನೂ ನಮ್ಮಂಥವರೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ಇಂಥ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಅದೇ ವರ್ಷ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಕಾನೂನು ಬಂದ ಮೇಲೆ ಕಂಪನಿಗಳು ಎಚ್ಚೆತ್ತುಕೊಂಡಿವೆ, ಒಳ್ಳೆಯದೇ. ಆದರೆ ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಎಂದು ಜ್ಞಾನೋಕ್ತಿಗಳಲ್ಲಿ ಓದಿದವನು 2023ರವರೆಗೆ ಕಾಯಬೇಕಾಗಿರಲಿಲ್ಲ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ನಮ್ಮ ಸಭೆಗಳಿಗಿಂತ ಕಥೋಲಿಕ ಸಭೆ ಹೆಚ್ಚು ಯೋಚಿಸಿದೆ ಎಂಬುದನ್ನು, ಆ ಸಭೆಯವನಲ್ಲದ ನಾನು ಒಪ್ಪಿಕೊಳ್ಳಲೇಬೇಕು. 2020ರ ಫೆಬ್ರವರಿಯಲ್ಲಿ ರೋಮಿನಲ್ಲಿ ಈ ಕುರಿತ ನೈತಿಕ ಘೋಷಣೆಗೆ ಮೈಕ್ರೋಸಾಫ್ಟ್ ಮತ್ತು ಐಬಿಎಂ ಕಂಪನಿಗಳೂ ಸಹಿ ಹಾಕಿದವು. 2025ರ ಜನವರಿಯಲ್ಲಿ ವ್ಯಾಟಿಕನ್ ಇದೇ ವಿಷಯದ ಬಗ್ಗೆ ದೀರ್ಘವಾದ ದಾಖಲೆಯೊಂದನ್ನು ಪ್ರಕಟಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ, ಕಾರ್ಮಿಕರ ಹಕ್ಕುಗಳ ಕುರಿತು 1891ರಲ್ಲಿ ಪರಿಪತ್ರ ಹೊರಡಿಸಿದ ಹದಿಮೂರನೆಯ ಲಿಯೋ ಅವರ ಹೆಸರನ್ನು ತಾವು ಆರಿಸಿಕೊಂಡದ್ದಕ್ಕೆ ಕೃತಕ ಬುದ್ಧಿಮತ್ತೆ ದುಡಿಮೆಗೆ ಒಡ್ಡಿರುವ ಸವಾಲನ್ನೂ ಒಂದು ಕಾರಣವಾಗಿ ಹೇಳಿದರು. ಇಲ್ಲಿಯ ಕಚೇರಿಗಳಲ್ಲಿ ಈ ಪ್ರಶ್ನೆ ಬಹಳ ಸರಳವಾದ ರೂಪದಲ್ಲಿ ಎದುರಾಗುತ್ತದೆ. ಯಂತ್ರ ಬರೆದುಕೊಟ್ಟ ಐನೂರು ಸಾಲಿನ ಕೋಡ್ ಅನ್ನು ಓದದೆ, ಅರ್ಥ ಮಾಡಿಕೊಳ್ಳದೆ, ತನ್ನ ಹೆಸರಿನಲ್ಲಿ ಸೇರಿಸಬಹುದೇ? ಅದು ಕೆಟ್ಟರೆ ಹೊಣೆ ಯಾರದು? ಯಂತ್ರ ಬಳಸಬಾರದೆಂದು ನಾನು ಹೇಳುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ಸಹಿ ಮನುಷ್ಯನದ್ದಾದ ಮೇಲೆ ಉತ್ತರ ಕೊಡಬೇಕಾದವನೂ ಮನುಷ್ಯನೇ. ಇಪ್ಪತ್ತು ಜನರ ಕೆಲಸವನ್ನು ಎಂಟು ಜನರಿಂದ ಮಾಡಿಸಬಹುದೆಂದು ಲೆಕ್ಕ ಹಾಕುವ ಮೇಜಿನಲ್ಲಿ ನಮ್ಮವರೊಬ್ಬರು ಕುಳಿತಿದ್ದರೆ, ಉಳಿದ ಹನ್ನೆರಡು ಮನೆಗಳ ಬಗ್ಗೆ ಒಂದು ಮಾತನ್ನಾದರೂ ಆಡುವ ಬಾಧ್ಯತೆ ಅವರಿಗಿದೆ.

ಭಾನುವಾರದ ಪ್ರಶ್ನೆಯೂ ಸುಲಭದ್ದಲ್ಲ. ಸೌದಿ ಅರೇಬಿಯಾದ ಕ್ಲೈಂಟ್‌ಗಳಿಗೆ ಭಾನುವಾರ ವಾರದ ಮೊದಲ ಕೆಲಸದ ದಿನ, ಹಾಗಾಗಿ ಆ ಪ್ರಾಜೆಕ್ಟ್‌ಗಳಲ್ಲಿರುವವರಿಗೆ ಆರಾಧನೆಯ ಹೊತ್ತಿಗೇ ಫೋನ್ ಬರುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಸಂಜೆ ಆರೂವರೆ ಅಥವಾ ಏಳೂವರೆ. ನಮ್ಮ ಮನೆಗಳಲ್ಲಿ ಕುಟುಂಬ ಪ್ರಾರ್ಥನೆಗೆ, ಕಥೋಲಿಕರ ಮನೆಗಳಲ್ಲಿ ಜಪಸರಕ್ಕೆ ಕೂರುವ ಸಮಯ ಅದೇ. ಸಬ್ಬತ್ ಇರುವುದು ಮನುಷ್ಯನಿಗಾಗಿ ಎಂದು ಯೇಸು ಹೇಳಿದ್ದನ್ನು ನೆನೆದು, ಆಸ್ಪತ್ರೆಯ ಸರ್ವರ್ ನಿಂತುಹೋದಾಗ ಎದ್ದು ಹೋಗುವುದರಲ್ಲಿ ನನಗೆ ಅಳುಕಿಲ್ಲ. ಆದರೆ ಯಾರ ಜೀವಕ್ಕೂ ಸಂಬಂಧಪಡದ ಒಂದು ಬಟನ್ನಿನ ಬಣ್ಣಕ್ಕಾಗಿ ವರ್ಷವಿಡೀ ಭಾನುವಾರಗಳನ್ನು ಒಪ್ಪಿಸುವುದು, ಆ ಮೇಲೆ ಅದನ್ನೇ ನಿಷ್ಠೆ ಎಂದು ಕರೆದುಕೊಳ್ಳುವುದು ಬೇರೆ ವಿಷಯ. ನಮ್ಮ ಟೀಮಿನಲ್ಲಿ ಚೌತಿ, ದೀಪಾವಳಿಯ ಪಾಳಿಯನ್ನು ಕ್ರೈಸ್ತರೂ ಮುಸ್ಲಿಮರೂ ಹಿಡಿಯುತ್ತೇವೆ, ಶುಭ ಶುಕ್ರವಾರ, ಕ್ರಿಸ್ಮಸ್ ದಿನ ಉಳಿದವರು ಹಿಡಿಯುತ್ತಾರೆ, ಈದ್‌ಗೂ ಹಾಗೆಯೇ. ಇದಕ್ಕೆ ಎಚ್‌ಆರ್ ವಿಭಾಗದ ಸುತ್ತೋಲೆಯೇನೂ ಬರಲಿಲ್ಲ, ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಆದ ಒಪ್ಪಂದ ಅದು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳದೆ ಬಿಟ್ಟರೆ ನನ್ನ ಮಾತನ್ನು ತಪ್ಪಾಗಿ ತಿಳಿದುಕೊಳ್ಳಬಹುದು. ನಂಬಿಕೆಯನ್ನು ಕೆಲಸಕ್ಕೆ ಒಯ್ಯಬೇಕೆಂದರೆ ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ವಚನ ಹಾಕಬೇಕೆಂದಲ್ಲ. ಅಪ್ರೈಸಲ್ ಬರೆಯುವ ಅಧಿಕಾರವಿರುವ ಮ್ಯಾನೇಜರ್ ತನ್ನ ಕೈಕೆಳಗಿನವರ ಮುಂದೆ ಧರ್ಮದ ಮಾತು ತೆಗೆದರೆ, ಕೇಳುವವರಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಅವನು ಯಾವ ಧರ್ಮದವನಾದರೂ ಅದು ಅನ್ಯಾಯವೇ. ನಮ್ಮ ಜಿಲ್ಲೆಯ ಪರಿಸ್ಥಿತಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಕೆಲಸ ಮಾಡಿದರೂ ಮನುಷ್ಯರಿಗೆಂದು ಮಾಡದೆ ಕರ್ತನಿಗೆಂದು ಮನಃಪೂರ್ವಕವಾಗಿ ಮಾಡಬೇಕೆಂದು ಪೌಲನು ಕೊಲೊಸ್ಸೆಯವರಿಗೆ ಬರೆದದ್ದು ಮೇಲಧಿಕಾರಿಗಳಿಗಲ್ಲ, ದಾಸರಿಗೆ. ಬಾಯಿಬಿಟ್ಟು ಏನನ್ನೂ ಹೇಳುವ ಸ್ಥಿತಿಯಲ್ಲಿ ಇರದಿದ್ದವರಿಗೆ.

ಕೊನೆಯದಾಗಿ ಒಂದು ಸಲಹೆ. ಬೇಸಗೆ ರಜೆಯಲ್ಲಿ ಮಂಗಳೂರು, ಉಡುಪಿ ಭಾಗದ ಹಲವು ಚರ್ಚುಗಳಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರಗಳು ನಡೆಯುತ್ತವೆ. ಬಯೋಡೇಟಾ ಬರೆಯುವುದು, ಗುಂಪು ಚರ್ಚೆಯಲ್ಲಿ ಮಾತನಾಡುವುದು, ಇಂಗ್ಲಿಷ್ ಉಚ್ಚಾರಣೆ, ಇವೆಲ್ಲವನ್ನೂ ಅಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಅದೇ ಶಿಬಿರಗಳಲ್ಲಿ ಅರ್ಧ ದಿನವನ್ನು ಈಗಾಗಲೇ ಕೆಲಸದಲ್ಲಿರುವವರಿಗೆ ಬಿಟ್ಟುಕೊಡಬೇಕೆಂದು ಸಭಾಪಾಲಕರಲ್ಲಿ, ಧರ್ಮಗುರುಗಳಲ್ಲಿ, ಯುವ ಸಂಘಟನೆಗಳಲ್ಲಿ ವಿನಂತಿಸುತ್ತೇನೆ. ಅಲ್ಲಿ ಪ್ರವಚನ ಬೇಡ, ಮುಖ್ಯ ಅತಿಥಿಗಳೂ ಬೇಡ. ಕಂಪನಿ, ಕ್ಲೈಂಟ್‌ಗಳ ಹೆಸರು ಹೇಳದೆ, ಒಬ್ಬೊಬ್ಬರು ತಾವು ಎದುರಿಸಿದ ಒಂದೊಂದು ಪ್ರಸಂಗವನ್ನು ಮುಂದಿಡಲಿ: ಪಾಸ್ ಹಾಕು ಎಂದಾಗ ಏನು ಮಾಡಿದೆ, ಸುಳ್ಳು ಅಂದಾಜು ಕೊಡು ಎಂದಾಗ ಹೇಗೆ ತಪ್ಪಿಸಿಕೊಂಡೆ, ಕೆಲಸ ಬಿಡಬೇಕಾಗಿ ಬಂದಾಗ ಮನೆಯ ಸಾಲದ ಕಂತನ್ನು ಹೇಗೆ ಕಟ್ಟಿದೆ. ಕಂತಿನ ಮಾತು ಬರಲೇಬೇಕು, ಏಕೆಂದರೆ ಹೆಚ್ಚಿನವರ ಬಾಯಿ ಕಟ್ಟಿಹಾಕಿರುವುದು ಅದೇ. ಹಾಗೆ ನಿಲುವು ತಾಳಿ ಕೆಲಸ ಕಳೆದುಕೊಂಡವರಿಗೆ ಮೂರು ನಾಲ್ಕು ತಿಂಗಳ ಮಟ್ಟಿಗೆ ಸಭೆಯ ನಿಧಿಯಿಂದ ಬಡ್ಡಿಯಿಲ್ಲದ ಕೈಸಾಲ ಕೊಡಬಹುದೇ ಎಂಬುದನ್ನೂ ಅಲ್ಲೇ ಮಾತನಾಡಬಹುದು. ದಿನ ಗೊತ್ತುಮಾಡುವಾಗ ಶನಿವಾರ ಮಧ್ಯಾಹ್ನವನ್ನು ಆರಿಸಿಕೊಂಡರೆ ಒಳ್ಳೆಯದು. ಭಾನುವಾರವಾದರೆ ಸೌದಿ ಪ್ರಾಜೆಕ್ಟ್‌ನವರು ಬರಲಾರರು.

ಇತಿ ತಮ್ಮ ವಿಶ್ವಾಸಿ,
ಸಾಫ್ಟ್‌ವೇರ್ ಉದ್ಯೋಗಿ, ಬಲ್ಮಠ, ಮಂಗಳೂರು